ಮನಸ್ಸು ಮುರಿದಾಗ ಹನ್ನೊಂದು ದಿನ

ಕೇಳುವ ಪ್ರಶ್ನೆ ಒಂದೇ, ಕೇಳುವ ಬಗೆ ಮಾತ್ರ ಬೇರೆ. “ನಿಶ್ಚಿತಾರ್ಥ ಮುರಿದು ಎರಡು ತಿಂಗಳಾಯಿತು, ಯಾವ ಸ್ತೋತ್ರ ಹೇಳಿಕೊಂಡರೆ ನೆಮ್ಮದಿ ಸಿಗುತ್ತದೆ?” “ಜೊತೆಗಿದ್ದವಳು ಕೈಬಿಟ್ಟಳು, ಧ್ಯಾನ ಮಾಡಿದರೆ ಮರೆಯುತ್ತೇನೆಯೇ?” “ಮಗನಿಗೆ ಕೆಲಸವಿಲ್ಲ, ನಾಲೆಗೆ ನೀರು ಬಿಟ್ಟಿಲ್ಲ, ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನತನಕ ಸೂರು ನೋಡುತ್ತಾ ಮಲಗಿರುತ್ತೇನೆ, ಏನು ಮಾಡಲಿ?” ಮೈಸೂರು, ಮಂಡ್ಯದ ಓದುಗರಿಂದ ಇಂಥವು ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಉತ್ತರ ಬರೆದು ಸಾಕಾಗಿ, ಈಗ ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ಮರೆಸುವ ಮಂತ್ರ ನನ್ನ ಬಳಿ ಇಲ್ಲ. ನಮ್ಮ ಹಿರಿಯರ ಬಳಿಯೂ ಇರಲಿಲ್ಲ. ಅವರು ದುಃಖವನ್ನು ಓಡಿಸಲು ಹೋಗಲಿಲ್ಲ. ಅದಕ್ಕೊಂದು ಹೊತ್ತು, ಒಂದು ಜಾಗ, ಒಂದು ಕೊನೆಯ ದಿನವನ್ನು ಗೊತ್ತುಮಾಡಿದರು. ಮನೆಯಲ್ಲಿ ಸಾವಾದಾಗ ಏನು ನಡೆಯುತ್ತದೆ ನೋಡಿ. ಒಲೆ ಹಚ್ಚುವುದಿಲ್ಲ, ನೆಂಟರೋ ನೆರೆಯವರೋ ಅನ್ನ ತಂದಿಡುತ್ತಾರೆ. ಹಬ್ಬವಿಲ್ಲ, ಶುಭಕಾರ್ಯವಿಲ್ಲ, “ಸ್ವಲ್ಪ ನಗು” ಎಂದು ಯಾರೂ ಒತ್ತಾಯಿಸುವುದಿಲ್ಲ. ಮೂರನೆಯ ದಿನ ಹಾಲುತುಪ್ಪ, ಆಮೇಲೆ ಅವರವರ ಪದ್ಧತಿಯಂತೆ ಹನ್ನೊಂದಕ್ಕೋ ಹದಿಮೂರಕ್ಕೋ ಊಟ. ಮುಸ್ಲಿಮರ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಇದ್ದತ್ ಎಂಬ ನಾಲ್ಕು ತಿಂಗಳು ಹತ್ತು ದಿನದ ಅವಧಿಯೇ ಇದೆ. ಆದರೆ ಪ್ರೀತಿ ಸತ್ತರೆ? ಮರುದಿನ ಒಂಬತ್ತಕ್ಕೆ ಕಚೇರಿಯಲ್ಲಿರಬೇಕು. ಸಂಜೆ ಸೋದರತ್ತೆಯ ಮಗಳ ಆರತಕ್ಷತೆಯಲ್ಲಿ ಫೋಟೊಕ್ಕೆ ನಿಲ್ಲಬೇಕು. ಹಾಗಾಗಿ ಆ ದುಃಖ ತಿಥಿಯಿಲ್ಲದ ಹೆಣದಂತೆ ಮನೆಯೊಳಗೇ ಉಳಿದುಬಿಡುತ್ತದೆ.

ಈ ಮಾರ್ಗದರ್ಶಿಯ ಉಪಾಯ ಇಷ್ಟೇ: ಅದಕ್ಕೂ ಹನ್ನೊಂದು ದಿನದ ಸೂತಕ ಕೊಡುವುದು. ಹಂತಗಳನ್ನು ಕೆಳಗೆ ಕೊಟ್ಟಿದ್ದೇನೆ. ದಿನನಿತ್ಯದ ಚಿಂತೆಯಷ್ಟೇ ಇರುವವರು 3, 4 ಮತ್ತು 6ನೇ ಹಂತಗಳನ್ನು ಮಾತ್ರ ನೋಡಿದರೂ ಸಾಕು.

ಬೇಕಾಗುವುದು

ನೂರು ಪುಟದ ಒಂದು ನೋಟ್‌ಬುಕ್. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಮನೆಯಲ್ಲಿ ಕೂರಲು ಒಂದು ಮೂಲೆ. ದೇವರ ಕೋಣೆಯೇ ಆಗಬೇಕೆಂದಿಲ್ಲ, ಮಹಡಿಯ ನೀರಿನ ಟ್ಯಾಂಕಿನ ನೆರಳೂ ಆದೀತು. ಕೊಟ್ಟದ್ದನ್ನು ಬಿಚ್ಚಿ ನೋಡದೆ ಇಟ್ಟುಕೊಳ್ಳುವ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ಯಾವ ಧರ್ಮದವರಾದರೂ, ಯಾವ ಧರ್ಮವೂ ಬೇಡವೆನ್ನುವವರಾದರೂ ಇದನ್ನು ಮಾಡಬಹುದು.

ಮುಂದೆ ಓದುವ ಮುನ್ನ ಒಂದು ಎಚ್ಚರಿಕೆ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಈ ಬರಹವನ್ನು ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಕೈ ಏಳುತ್ತಿಲ್ಲ ಎಂದಾದರೆ ಮನೋವೈದ್ಯರನ್ನು ಕಾಣಿ. ಜಪವೂ ಮಾತ್ರೆಯೂ ಒಂದಕ್ಕೊಂದು ಶತ್ರುಗಳಲ್ಲ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಧ್ಯಾನ ಶುರುವಾಯಿತೆಂದು ಅದನ್ನು ನಿಲ್ಲಿಸಬೇಡಿ. ಯಾವ ಸ್ವಾಮೀಜಿ ಹೇಳಿದರೂ ನಿಲ್ಲಿಸಬೇಡಿ.

1. ಸೂತಕ ಹಿಡಿಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವತ್ತಿನ ತಾರೀಕು ಬರೆಯಿರಿ. ಕೆಳಗೆ ಏನು ಸತ್ತಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. “ಅವನು ನನ್ನನ್ನು ಬಿಟ್ಟ” ಎಂಬುದು ಘಟನೆ. ಸತ್ತದ್ದು ಅದಲ್ಲ. “ಕುವೆಂಪುನಗರದಲ್ಲಿ ಬಾಡಿಗೆ ಮನೆ ಮಾಡಿ ಅವನ ಜೊತೆ ಇರುತ್ತೇನೆ ಅಂದುಕೊಂಡಿದ್ದು” ಎಂದು ಬರೆದರೆ ಸತ್ತದ್ದು ಯಾವುದೆಂದು ಗೊತ್ತಾಗುತ್ತದೆ. ಈ ವಾಕ್ಯ ಬರೆಯುವಾಗಲೇ ಹಲವರಿಗೆ ಅಳು ಬರುತ್ತದೆ, ಬರಲಿ. ಸೀತೆಯನ್ನು ಕಳೆದುಕೊಂಡ ರಾಮ ಕಾಡಿನ ಮರಗಳನ್ನೆಲ್ಲ ನಿಲ್ಲಿಸಿ “ನೀನು ಕಂಡೆಯಾ” ಎಂದು ಕೇಳುತ್ತಾ ಅಲೆದದ್ದನ್ನು ನಾವು ಭಕ್ತಿಯಿಂದಲೇ ಓದುತ್ತೇವೆ. ನಿಮಗೆ ಅಷ್ಟು ವಿನಾಯಿತಿ ಇಲ್ಲವೇ?

ಫೋಟೊ, ಉಡುಗೊರೆ, ಪತ್ರಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಸುತ್ತಿ ಆ ಸ್ನೇಹಿತರಿಗೆ ಕೊಟ್ಟುಬಿಡಿ. ಸುಡಬೇಡಿ. ಸುಟ್ಟವರು ಮೂರನೆಯ ದಿನ ಬೂದಿಯನ್ನು ಕೆದಕುತ್ತಾರೆ. ಹನ್ನೊಂದು ದಿನ ಆ ವ್ಯಕ್ತಿಯ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡುವಂತಿಲ್ಲ, ಗೆಳೆಯರ ಮೂಲಕ ಸುದ್ದಿ ತರಿಸಿಕೊಳ್ಳುವಂತಿಲ್ಲ. ಸೂತಕದ ಮನೆಯವರು ಗುಡಿಯ ಹೊಸ್ತಿಲು ದಾಟದಂತೆಯೇ ಇದು ಎಂದುಕೊಳ್ಳಿ.

ಹೆಚ್ಚು ಜನ ಎಡವುವುದು ಇಲ್ಲಿಯೇ: ಈ ದಿನಗಳಲ್ಲಿ ದೊಡ್ಡ ನಿರ್ಧಾರ, ದೊಡ್ಡ ಹರಕೆ ಎರಡೂ ಬೇಡ. ನಮ್ಮಲ್ಲಿ ಮೂರು ಬಗೆಯ ಹುಸಿ ವೈರಾಗ್ಯಗಳನ್ನು ಹೇಳುತ್ತಾರೆ. ವೈರಾಗ್ಯವೆಂದರೆ ಆಸೆಯ ಹಿಡಿತ ಸಡಿಲವಾಗುವುದು. ಪುರಾಣ ಕೇಳಿ ಏಳುವಷ್ಟರಲ್ಲಿ ಹೋಗುವುದು ಪುರಾಣ ವೈರಾಗ್ಯ, ಹೆರಿಗೆ ನೋವು ಇಳಿದಂತೆ ಇಳಿಯುವುದು ಪ್ರಸೂತಿ ವೈರಾಗ್ಯ, ಮಸಣದಿಂದ ಮನೆಗೆ ಬಂದು ಸ್ನಾನ ಮಾಡುವವರೆಗೆ ಇರುವುದು ಸ್ಮಶಾನ ವೈರಾಗ್ಯ. ಪ್ರೀತಿ ಮುರಿದವರದ್ದು ಮೂರನೆಯದಕ್ಕೆ ಹತ್ತಿರ. “ಇನ್ನು ಮದುವೆಯೇ ಬೇಡ, ಆಶ್ರಮ ಸೇರುತ್ತೇನೆ” ಎಂದು ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೂತವರು ಆಮೇಲೆ ಪಡುವ ಪಾಡು ಪ್ರೀತಿಯ ದುಃಖಕ್ಕಿಂತ ದೊಡ್ಡದು. ನಿಜವಾದ ವೈರಾಗ್ಯವಾದರೆ ಹನ್ನೆರಡನೆಯ ದಿನವೂ ಇರುತ್ತದೆ, ಕಾಯಿರಿ.

2. ಒಂದು ಸಲ ಪೂರ್ತಿ ಹೇಳಿಕೊಳ್ಳಿ

ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನ ವಿಷಾದ ಯೋಗವೆಂದು ಹೆಸರು. ವಿಷಾದವೆಂದರೆ ಕುಗ್ಗಿಸಿ ಕೂರಿಸುವ ದುಃಖ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಬಿಲ್ಲು ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲಾರೆ ಎನ್ನುತ್ತಾನೆ ಅರ್ಜುನ. ಆ ಅಧ್ಯಾಯದಲ್ಲಿ ಕೃಷ್ಣ ಉಪದೇಶಕ್ಕೆ ಬಾಯಿ ತೆರೆಯುವುದಿಲ್ಲ. ಪೂರ್ತಿ ಹೇಳಿಕೊಳ್ಳಲು ಬಿಡುತ್ತಾನೆ. ನನಗೆ ಗೀತೆಯಲ್ಲಿ ಬಹಳ ಹಿಡಿಸಿದ ಸಂಗತಿ ಅದೇ.

ನಿಮಗೂ ಹಾಗೆ ಸುಮ್ಮನಿರಬಲ್ಲ ಒಬ್ಬರು ಬೇಕು. ಕರೆಯುವಾಗಲೇ ಹೇಳಿ: “ಸಲಹೆ ಬೇಡ, ಅರ್ಧ ಗಂಟೆ ಕೇಳಿದರೆ ಸಾಕು.” ಒಂದು ಸಲ, ಒಬ್ಬರಿಗೆ. ಸಿಕ್ಕ ಸಿಕ್ಕವರಿಗೆಲ್ಲ ಹೇಳಿದರೆ ಪ್ರತಿ ಸಲವೂ ಕಥೆ ಒಂದಿಷ್ಟು ಬಣ್ಣ ಹಚ್ಚಿಕೊಳ್ಳುತ್ತದೆ, ಕೊನೆಗೆ ನಿಮ್ಮ ದುಃಖ ಯಾವುದು, ಕಥೆ ಯಾವುದು ಎಂದು ನಿಮಗೇ ತಿಳಿಯದು.

ಮನೆಯಲ್ಲಿ ಹಿರಿಯರಿಗೆ ಹೇಳಿದರೆ “ಋಣ ಇಷ್ಟೇ ಇತ್ತು, ಬಿಡು” ಎನ್ನುತ್ತಾರೆ. ಋಣಾನುಬಂಧವೆಂದರೆ ಹಿಂದಿನ ಕೊಡುಕೊಳ್ಳುವಿಕೆಯ ಲೆಕ್ಕ ತೀರುವವರೆಗೆ ಮಾತ್ರ ಇಬ್ಬರು ಕೂಡಿರುತ್ತಾರೆ ಎಂಬ ನಂಬಿಕೆ. ಹನ್ನೊಂದನೆಯ ದಿನಕ್ಕೆ ಇದು ಒಳ್ಳೆಯ ಮಾತು. ಮೊದಲ ದಿನವೇ ಹೇಳಿದರೆ ಬಾಯಿ ಮುಚ್ಚಿಸುವ ಮಾತಾಗುತ್ತದೆ. ಹೇಳಿದವರ ಮೇಲೆ ಸಿಟ್ಟಾಗಬೇಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

3. ಉಸಿರನ್ನು ಉದ್ದ ಮಾಡಿ

ಪತಂಜಲಿಯ ಯೋಗಸೂತ್ರದಲ್ಲಿ ದುಃಖ, ಕೊರಗು, ಮೈನಡುಕ, ಏರುಪೇರಾದ ಉಸಿರು ಇವನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಿದೆ, ಮನಸ್ಸು ಚದುರಿದಾಗ ಜೊತೆಗೆ ಬರುವ ಪರಿವಾರವೆಂದು. ಮನಸ್ಸನ್ನು ನೇರವಾಗಿ ಹಿಡಿಯಲು ಆಗುವುದಿಲ್ಲ. ಆ ಪರಿವಾರದಲ್ಲಿ ಕೈಗೆ ಸಿಗುವುದು ಉಸಿರೊಂದೇ.

ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ, ಕುರ್ಚಿಯಾದರೂ ಆಗುತ್ತದೆ. ನಾಲ್ಕು ಎಣಿಸುವವರೆಗೆ ಮೂಗಿನಲ್ಲಿ ಎಳೆದುಕೊಳ್ಳಿ, ಆರು ಎಣಿಸುವವರೆಗೆ ಬಿಡಿ. ಐದು ನಿಮಿಷ. ಬೆಳಿಗ್ಗೆ ಒಮ್ಮೆ, ರಾತ್ರಿ ಎಚ್ಚರವಾದಾಗ ಮಲಗಿದಲ್ಲೇ ಒಮ್ಮೆ. ಕುಂಭಕ, ಅಂದರೆ ಉಸಿರು ಕಟ್ಟಿ ಹಿಡಿಯುವುದು, ಗುರುವಿಲ್ಲದೆ ಬೇಡ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಖಂಡಿತ ಬೇಡ.

1930ರ ದಶಕದಲ್ಲಿ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಊರು ನಮ್ಮ ಮೈಸೂರು, ಗೋಕುಲಂ ಬಡಾವಣೆಯ ಕಡೆ ಇಂದಿಗೂ ಚಾಪೆ ಸುತ್ತಿಕೊಂಡು ಓಡಾಡುವ ವಿದೇಶಿಯರು ಕಾಣುತ್ತಾರೆ. ಹಾಗಾಗಿ ಯೋಗವೆಂದರೆ ಕಾಲನ್ನು ಕುತ್ತಿಗೆಗೆ ಸುತ್ತುವುದೆಂದೇ ಹಲವರ ಎಣಿಕೆ. ಈ ಕೆಲಸಕ್ಕೆ ಅದು ಯಾವುದೂ ಬೇಡ.

4. ಒಂದು ಹೆಸರನ್ನು ಹಿಡಿದುಕೊಳ್ಳಿ

ಜಪವೆಂದರೆ ಒಂದು ನಾಮವನ್ನೋ ಮಂತ್ರವನ್ನೋ ಮತ್ತೆ ಮತ್ತೆ ಹೇಳುವುದು. ಗಟ್ಟಿಯಾಗಿ ಹೇಳಿದರೆ ವಾಚಿಕ, ತುಟಿ ಮಾತ್ರ ಅಲುಗಿದರೆ ಉಪಾಂಶು, ಒಳಗೇ ನಡೆದರೆ ಮಾನಸ. ಮಾನಸವೇ ಶ್ರೇಷ್ಠವೆಂದು ಶಾಸ್ತ್ರ ಹೇಳುತ್ತದಾದರೂ ಮನಸ್ಸು ಕುದಿಯುತ್ತಿರುವವರು ಗಟ್ಟಿಯಾಗಿಯೇ ಶುರುಮಾಡಿ. ಒಳಗಿನ ಗದ್ದಲದಲ್ಲಿ ಮಾನಸ ಜಪ ಮುಳುಗಿಹೋಗುತ್ತದೆ. 108 ಮಣಿಯ ಸರವಿದ್ದರೆ ಸರಿ, ಇಲ್ಲದಿದ್ದರೆ ಬೆರಳಿನ ಗೆಣ್ಣುಗಳಿವೆ. ದೀಕ್ಷೆ ಇಲ್ಲದವರು ರಾಮ, ಶಿವ, ತಾಯಿ ಎಂದು ಬಾಯಿಗೆ ಬಂದ ಹೆಸರು ಹಿಡಿಯಬಹುದು. ಮುಸ್ಲಿಮರಿಗೆ ತಸ್ಬೀಹ್ ಇದೆ, ಕ್ರೈಸ್ತರಿಗೆ ಜಪಸರ ಇದೆ.

ಸಾಮಾನ್ಯ ತಪ್ಪು ಒಂದು: ಜಪವನ್ನು ಚೌಕಾಸಿ ಮಾಡುವುದು. “ಲಕ್ಷ ಸಲ ಹೇಳುತ್ತೇನೆ, ಅವಳನ್ನು ತಿರುಗಿ ಕಳಿಸು” ಎಂದು ಶುರುಮಾಡಿದರೆ ಪ್ರತಿ ಮಣಿಗೂ ಅವಳದೇ ನೆನಪು. ಮೊಬೈಲ್ ನೋಡುವ ಚಟ ಬಿಡಿಸಲು ಹಿಡಿದ ಸರ ಆ ಚಟದ್ದೇ ಇನ್ನೊಂದು ರೂಪವಾಗುತ್ತದೆ.

ಎರಡನೆಯದು ತಪ್ಪಲ್ಲ, ಬಲೆ. ಬಸ್ ನಿಲ್ದಾಣದ ಕಂಬಗಳ ಮೇಲೆ ಅಂಗೈಯಗಲದ ಚೀಟಿಗಳಿರುತ್ತವೆ: “ಪ್ರೇಮ ವೈಫಲ್ಯ, ಸ್ತ್ರೀ ಪುರುಷ ವಶೀಕರಣ, ಫೋನಿನಲ್ಲೇ ಪರಿಹಾರ.” ಅವರ ವ್ಯವಹಾರದ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಕೇಳುವುದು ಕೆಲವು ನೂರು ರೂಪಾಯಿ ಮತ್ತು ಇಬ್ಬರ ಫೋಟೊ. ಆಮೇಲೆ ಪೂಜಾ ಸಾಮಗ್ರಿಗೆ ಸಾವಿರಗಳು. ನೀವು ಹಿಂಜರಿದಾಗ “ಅರ್ಧಕ್ಕೆ ನಿಲ್ಲಿಸಿದರೆ ನಿಮಗೇ ತಿರುಗುತ್ತದೆ” ಎಂಬ ಬೆದರಿಕೆ. ಕೊನೆಗೆ ನಿಮ್ಮ ಗುಟ್ಟನ್ನು ಮನೆಯವರಿಗೆ ಹೇಳುತ್ತೇನೆಂಬ ಬೆದರಿಕೆ. ಓದಿದವರು, ಒಳ್ಳೆಯ ಕೆಲಸದಲ್ಲಿರುವವರೂ ಇದರಲ್ಲಿ ಬೀಳುತ್ತಾರೆ, ಏಕೆಂದರೆ ಎದೆ ಒಡೆದಾಗ ಬುದ್ಧಿ ರಜೆಯ ಮೇಲಿರುತ್ತದೆ. ಫೋಟೊ ಕೊಡಬೇಡಿ, ಕರೆಯನ್ನೇ ಮಾಡಬೇಡಿ. ಮೊಬೈಲಿನಲ್ಲಿ ಹಣ ಕಳುಹಿಸಿ ಮೋಸಹೋಗಿದ್ದರೆ ನಾಚಿಕೊಂಡು ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

5. ಮೆಟ್ಟಿಲು ಹತ್ತಿ

ಕೂತು ಮಾಡುವುದು ಇಷ್ಟು ಸಾಕು. ನಾಲ್ಕನೆಯ ಅಥವಾ ಐದನೆಯ ದಿನ ಕಾಲಿಗೆ ಕೆಲಸ ಕೊಡಿ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಪಾದದಿಂದ ಮೇಲಕ್ಕೆ ಸಾವಿರದ ಎಂಟು ಮೆಟ್ಟಿಲು ಎನ್ನುವುದು ವಾಡಿಕೆ. ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು. ಸುಮಾರು ಏಳುನೂರನೆಯ ಮೆಟ್ಟಿಲಿನ ಬಳಿ ಏಕಶಿಲೆಯ ದೊಡ್ಡ ನಂದಿ. ಬೆಳಿಗ್ಗೆ ಹೋದರೆ ಹರಕೆ ಹೊತ್ತ ಹೆಂಗಸರು ಕಾಣಿಸುತ್ತಾರೆ. ಎಡಗೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಒಂದು ಮೆಟ್ಟಿಲಿಗೆ ಬಗ್ಗುವುದು, ಬೆರಳದ್ದಿ ಹಚ್ಚುವುದು, ನೆಟ್ಟಗಾಗುವುದು, ಮುಂದಿನ ಮೆಟ್ಟಿಲಿಗೆ ಮತ್ತೆ ಬಗ್ಗುವುದು. ನೂರು ದಾಟುವಷ್ಟರಲ್ಲಿ ಸೊಂಟಕ್ಕೆ ಕೈ ಹೋಗುತ್ತದೆ, ಮುನ್ನೂರಕ್ಕೆ ಮಾತು ನಿಲ್ಲುತ್ತದೆ. ಆಮೇಲೆ ಆಕೆಗೆ ಶಿಖರವೂ ಕಾಣುವುದಿಲ್ಲ, ಬಿಟ್ಟುಬಂದ ಮನೆಯೂ ಕಾಣುವುದಿಲ್ಲ. ಮುಂದಿನ ಒಂದು ಕಲ್ಲು ಮಾತ್ರ. ನಿಮ್ಮಿಂದ ನಾನು ಕೇಳುವುದು ಅಷ್ಟನ್ನೇ, ಅರಿಶಿನವಿಲ್ಲದೆ.

ಕ್ರಮ ಹೀಗಿರಲಿ. ನಂದಿಯವರೆಗೆ ಒಂದು ಮೆಟ್ಟಿಲಿಗೆ ಒಂದು ದೂರು. ಅವನು ಹಾಗೆಂದ, ಅವಳು ಹೀಗೆ ಮಾಡಿದಳು, ನಾನೇ ಪೆದ್ದ. ಏಳುನೂರು ದೂರು ಯಾರ ಬಳಿಯೂ ಇರುವುದಿಲ್ಲ, ಇನ್ನೂರೈವತ್ತಕ್ಕೆ ಚೀಲ ಬರಿದಾಗಿ ಹಳೆಯದೇ ತಿರುಗಿ ಬರುತ್ತದೆ. ಅದನ್ನು ಗಮನಿಸುವುದೇ ಈ ಹಂತದ ಕೆಲಸ. ನಂದಿಯ ಬಳಿ ಕುಳಿತು ನೀರು ಕುಡಿಯಿರಿ. ಅಲ್ಲಿಂದ ಮುಂದೆ ನಾಲ್ಕನೆಯ ಹಂತದ ಹೆಸರು ಮಾತ್ರ.

ಬೆಳಕು ಹರಿದ ಮೇಲೆಯೇ ಹೊರಡಿ, ಬೆಟ್ಟದಲ್ಲಿ ಚಿರತೆಗಳಿವೆ. ಆಷಾಢ ಶುಕ್ರವಾರ ಹೋಗಬೇಡಿ. ಆವತ್ತು ತಾಯಿಯ ದರ್ಶನವಾದೀತು, ಏಕಾಂತ ಸಿಗದು. ಮಂಡಿನೋವಿದ್ದವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಿರಿ. ಮಂಡ್ಯದ ಕಡೆಯವರಿಗೆ ಮೇಲುಕೋಟೆಯ ಯೋಗನರಸಿಂಹನ ಬೆಟ್ಟವಿದೆ, ಅಲ್ಲಿ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ. ಆ ಕೋತಿಗಳೇ ಮುಂದಿನ ಹಂತಕ್ಕೆ ಬೇಕಾಗಿವೆ.

6. ಚಿಂತೆಯನ್ನು ಎರಡು ಮರಿಗಳಿಗೆ ಹಂಚಿ

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ, ಒಂದು ಸತ್ತವರನ್ನು ಸುಟ್ಟರೆ ಇನ್ನೊಂದು ಬದುಕಿರುವವರನ್ನು ಸುಡುತ್ತದೆ ಎಂಬ ಮಾತನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ಆ ಸೊನ್ನೆಯನ್ನು ಅಳಿಸುವುದು ಹೇಗೆಂದು ಹೇಳಿ ಕೆಳಗಿಳಿದವರನ್ನು ನಾನು ಕಂಡಿಲ್ಲ. ನನಗೆ ದಾರಿ ಸಿಕ್ಕಿದ್ದು ಮೇಲುಕೋಟೆಯ ಕಡೆಯಿಂದ.

ರಾಮಾನುಜಾಚಾರ್ಯರು ವರ್ಷಗಟ್ಟಲೆ ನೆಲೆಸಿದ್ದ ಊರು ಅದು. ಅವರ ಪರಂಪರೆಯ ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಒಂದು ಹಳೆಯ ವಾದವಿದೆ. ಶರಣಾಗತಿಯೆಂದರೆ ನನ್ನ ಭಾರ ನಿನ್ನದು ಎಂದು ದೇವರಿಗೆ ಒಪ್ಪಿಸಿಬಿಡುವುದು. ಒಪ್ಪಿಸಿದ ಮೇಲೆ ಭಕ್ತನ ಪಾಲಿಗೆ ಕೆಲಸ ಏನಾದರೂ ಉಳಿಯುತ್ತದೆಯೇ? ಉಳಿಯುತ್ತದೆ ಎನ್ನುವವರು ಕೋತಿಮರಿಯನ್ನು ತೋರಿಸುತ್ತಾರೆ: ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಮರಿ ತಾನೇ ಹೊಟ್ಟೆಯನ್ನು ಬಿಗಿಯಾಗಿ ತಬ್ಬಿರಬೇಕು. ಇದು ಮರ್ಕಟ ಕಿಶೋರ ನ್ಯಾಯ. ಇಲ್ಲ ಎನ್ನುವವರು ಬೆಕ್ಕಿನ ಮರಿಯನ್ನು ತೋರಿಸುತ್ತಾರೆ: ಅದು ಏನೂ ಮಾಡದೆ ಮಿಯಾಂವ್ ಎಂದರೆ ಸಾಕು, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇದು ಮಾರ್ಜಾಲ ಕಿಶೋರ ನ್ಯಾಯ. ಪಂಡಿತರು ತಲೆಮಾರುಗಳಿಂದ ವಾದಿಸಲಿ. ಚಿಂತೆಯ ವಿಷಯದಲ್ಲಿ ನಮಗೆ ಎರಡೂ ಮರಿಗಳು ಬೇಕು.

ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತು ನಿಮಿಷವನ್ನು ಚಿಂತೆಗೆಂದೇ ಮೀಸಲಿಡಿ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕೋತಿ, ಬಲಕ್ಕೆ ಬೆಕ್ಕು ಎಂದು ಬರೆಯಿರಿ. ನಗು ಬಂದರೆ ಒಳ್ಳೆಯದೇ. ತಬ್ಬಿ ಹಿಡಿಯಬೇಕಾದದ್ದು ಎಡಕ್ಕೆ, ಒಪ್ಪಿಸಬೇಕಾದದ್ದು ಬಲಕ್ಕೆ.

ಮಂಡ್ಯದ ರೈತರೊಬ್ಬರ ಪುಟ ಹೀಗಿರಬಹುದು. ಕನ್ನಂಬಾಡಿ ಅಣೆಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ, ಇವತ್ತು ಎಷ್ಟಿದೆ ಎಂದು ಬೆಳಿಗ್ಗೆ ಪತ್ರಿಕೆಯಲ್ಲಿ ನೋಡದೆ ಕಾಫಿ ಇಳಿಯದ ಜಿಲ್ಲೆ ಅದು. ಕೊಡಗಿನಲ್ಲಿ ಮಳೆ ಯಾವಾಗ ಹಿಡಿಯುತ್ತದೆ: ಬೆಕ್ಕು. ನಾಲೆಗೆ ಯಾವಾಗ ನೀರು ಬಿಡುತ್ತಾರೆ: ಬೆಕ್ಕು. ಹೊಲಗಾಲುವೆಯ ಹೂಳು ತೆಗೆಯುವುದು: ಕೋತಿ. ಸಾಲದ ಕಂತಿಗೆ ಗಡುವು ಕೇಳಲು ಸೊಸೈಟಿಗೆ ಹೋಗುವುದು: ಕೋತಿ, ಅದೂ ಸೋಮವಾರ. ಮಗಳ ಪರೀಕ್ಷೆಯ ಫಲಿತಾಂಶ ಬೆಕ್ಕು, ಅವಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು ಕೋತಿ. ಎಡಗಡೆಯ ಪ್ರತಿಯೊಂದರ ಮುಂದೆ ವಾರವನ್ನು ಬರೆಯಬೇಕು. ವಾರ ಬರೆಯಲಾಗದಿದ್ದರೆ ಅದು ಬೆಕ್ಕಿನ ಕಡೆಗೇ ಸೇರಬೇಕಾದದ್ದು. ಬಲಗಡೆಯದನ್ನು ಗಟ್ಟಿಯಾಗಿ ಒಮ್ಮೆ ಓದಿ, ನಂಬುವವರು “ಇದು ನಿನ್ನದು” ಎಂದು ಹೇಳಿ, ಪುಟ ಮುಚ್ಚಿ.

ಹಗಲಿನಲ್ಲಿ ಚಿಂತೆ ಬಂದರೆ ಸಂಜೆ ಬಾ ಎನ್ನಿ. ಹಾಸ್ಯವಲ್ಲ, ಮೂರು ನಾಲ್ಕು ದಿನದಲ್ಲಿ ಅದಕ್ಕೆ ಹೊತ್ತು ಅಭ್ಯಾಸವಾಗುತ್ತದೆ. ಎಚ್ಚರವಿರಲಿ: ಸೋಮಾರಿತನ ಬೆಕ್ಕಿನ ಮರಿಯ ವೇಷದಲ್ಲಿ ಬರುತ್ತದೆ. ಎದೆನೋವಿಗೆ ವೈದ್ಯರನ್ನು ಕಾಣುವುದನ್ನು “ಅವನಿಚ್ಛೆ” ಎಂದು ಬಲಕ್ಕೆ ಬರೆದರೆ ಅದು ಶರಣಾಗತಿಯಲ್ಲ.

7. ಆ ವ್ಯಕ್ತಿಯನ್ನು ಎಲ್ಲಿಡುವುದು

ಒಂಬತ್ತನೆಯ ದಿನದ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ: ಕ್ಷಮಿಸಬೇಕೇ? ಒತ್ತಾಯವಿಲ್ಲ. ಮನಸ್ಸು ತಿಳಿಯಾಗಲು ಪತಂಜಲಿ ನಾಲ್ಕು ಭಾವಗಳನ್ನು ಹೇಳುತ್ತಾನೆ. ಸುಖವಾಗಿರುವವರಲ್ಲಿ ಮೈತ್ರಿ, ಅಂದರೆ ಸ್ನೇಹ; ನೊಂದವರಲ್ಲಿ ಕರುಣೆ; ಒಳ್ಳೆಯದು ಮಾಡುವವರನ್ನು ಕಂಡು ಮುದಿತೆ, ಅಂದರೆ ಸಂತೋಷ; ಕೆಡುಕು ಮಾಡುವವರಲ್ಲಿ ಉಪೇಕ್ಷೆ. ಉಪೇಕ್ಷೆಯೆಂದರೆ ತಾತ್ಸಾರವಲ್ಲ, ದ್ವೇಷವೂ ಅಲ್ಲ, ಆ ಕಡೆಗೆ ಗಮನ ಹರಿಸದೆ ಇರುವುದು. ಬಿಟ್ಟುಹೋದವರ ಮದುವೆಯ ಫೋಟೊ ಕಣ್ಣಿಗೆ ಬಿದ್ದಾಗ ಮೈತ್ರಿ ತಂದುಕೊಳ್ಳಲು ಒದ್ದಾಡಬೇಡಿ, ಉಪೇಕ್ಷೆಯಿಂದ ಶುರುಮಾಡಿ. ನಿಮ್ಮ ಮೇಲೂ ಕರುಣೆ ಇರಲಿ. ನೊಂದವರ ಪಟ್ಟಿಯಲ್ಲಿ ನೀವೂ ಇದ್ದೀರಿ.

ಆ ಸಂಬಂಧದಲ್ಲಿ ಹೊಡೆತ ಬಡಿತ, ಬೆದರಿಕೆ ಇದ್ದರೆ ಕ್ಷಮೆಯ ಮಾತೇ ಈಗ ಬೇಡ. ಮಹಿಳೆಯರು 181ಕ್ಕೆ, ಯಾರೇ ಆದರೂ ತುರ್ತಿದ್ದರೆ 112ಕ್ಕೆ ಕರೆ ಮಾಡಿ.

8. ಹನ್ನೊಂದನೆಯ ದಿನ

ತಲೆಗೆ ಸ್ನಾನ ಮಾಡಿ. ಹೋದವರಿಗೆ ಒಂದು ಪತ್ರ ಬರೆಯಿರಿ, ಕಳುಹಿಸಲಿಕ್ಕಲ್ಲ. ಅದನ್ನು ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಎಸೆಯಬೇಕೆಂದು ಕೆಲವರಿಗೆ ಅನ್ನಿಸುತ್ತದೆ. ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ಜನ ಬಿಟ್ಟುಹೋದ ಬಟ್ಟೆ, ಫೋಟೊ ಚೌಕಟ್ಟು ಕೊಳೆಯುವುದನ್ನು ನೋಡಿದವರು ಹಾಗೆ ಮಾಡಲಾರರು. ಪತ್ರವನ್ನು ಚೂರು ಮಾಡಿ ನೀರಿನಲ್ಲಿ ನೆನೆಸಿ ದಾಸವಾಳದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು “ಋಣ ಇಷ್ಟೇ ಇತ್ತು” ಎಂಬುದನ್ನು ಈಗ ಓದಿ ನೋಡಿ. ಒಪ್ಪಿಗೆಯಾದರೆ ಇಟ್ಟುಕೊಳ್ಳಿ, ಆಗದಿದ್ದರೆ ಅದನ್ನೂ ದಾಸವಾಳಕ್ಕೆ ಕೊಡಿ.

ಆಮೇಲೆ ಊಟ. ಸೂತಕ ಕಳೆಯುವುದು ಊಟದಿಂದಲೇ. ಒಬ್ಬರಿಗಾದರೂ ನಿಮ್ಮ ಕೈಯಾರೆ ಬಡಿಸಿ ಜೊತೆಯಲ್ಲಿ ಕೂತು ಉಣ್ಣಿ. ಎರಡನೆಯ ಹಂತದಲ್ಲಿ ಅರ್ಧ ಗಂಟೆ ಸುಮ್ಮನೆ ಕೇಳಿದವರೇ ಆದರೆ ಚೆನ್ನ.

ಹನ್ನೆರಡನೆಯ ದಿನವೂ ಅಳು ಬರುತ್ತದೆ, ಬಂದೇ ಬರುತ್ತದೆ. ಸತ್ತವರಿಗೆ ಮಾಸಿಕ ಮಾಡುತ್ತಾರಲ್ಲ, ತಿಂಗಳಿಗೊಮ್ಮೆ, ಹಾಗೆ ನೀವೂ ತಿಂಗಳಿಗೊಂದು ಸಂಜೆ ಅರ್ಧ ಗಂಟೆ ಇಟ್ಟುಕೊಳ್ಳಿ. ಉಳಿದ ದಿನ ಬಂದದ್ದನ್ನು ಆ ಸಂಜೆಗೆ ಕಾಯಿಸಿ. ವರ್ಷವಾದಾಗ ಸ್ನೇಹಿತರ ಮನೆಗೆ ಹೋಗಿ ಪೆಟ್ಟಿಗೆಯನ್ನು ಕೇಳಿ. ಟೇಪು ಬಿಚ್ಚುವ ಮೊದಲು ಒಳಗೆ ಏನೇನಿದೆ ಎಂದು ನೆನಪಿನಿಂದ ಹೇಳಿ ನೋಡಿ. ಅರ್ಧಕ್ಕಿಂತ ಹೆಚ್ಚು ಮರೆತಿದ್ದರೆ ಅಟ್ಟಕ್ಕೇರಿಸಿ. ಎಲ್ಲವೂ ನೆನಪಿದ್ದರೆ ಅಲ್ಲೇ ಬಿಟ್ಟು, ಕಾಫಿ ಕುಡಿದು, ಇನ್ನೊಂದು ವರ್ಷ ಇಟ್ಟುಕೊಳ್ಳಲು ಹೇಳಿ ಬನ್ನಿ.